ಮೇಲಿನ ಮನೆಯ ಟಿವಿಯಲ್ಲಿ ಕತ್ತರಿ

ಮೇಲಿನ ಮನೆಯಲ್ಲಿ ಟಿವಿ ಹಾಕಿದರು, ಯಾರೋ ನಗುತ್ತಿದ್ದಾರೆ, ಸೂರು ದಾಟಿ ಬರುವಷ್ಟರಲ್ಲಿ ಎಲ್ಲ ನಗುವೂ ಕೆಮ್ಮಿನ ಹಾಗೇ ಕೇಳುತ್ತದೆ, ಹಾಗಾದರೆ ಟೀಚರ್ ಶಾಲೆಯಿಂದ ಬಂದಾಯಿತು, ಸಂಜೆಯಾಯಿತು, ಅವಳು ಮಾತ್ರ ಬೆಳಗಿನಿಂದ ಈ ಮೇಜಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದಾಳೆ, ಅಂಗಿಯ ತೋಳಿನ ಗೆರೆ ಅರ್ಧಕ್ಕೇ ನಿಂತಿದೆ, ಗೆರೆ ಮುಗಿಸಿದರೆ ಕತ್ತರಿ ಎತ್ತಿಕೊಳ್ಳಬೇಕು, ಅದು ಅಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿದೆ, ಇಷ್ಟು ವರ್ಷ ಅನ್ನ ಹಾಕಿದ ಕತ್ತರಿ, ಮುಟ್ಟಲು ಕೈ ಏಳುತ್ತಿಲ್ಲ — ಟೀಚರ್ ಏನು ಮಾಡಿಯಾರು ಪಾಪ, ಬೆಳಿಗ್ಗೆ ಮೆಟ್ಟಿಲಿನಲ್ಲಿ ಸಿಕ್ಕಿ, ಹೆಗಲಿಗೆ ಚೀಲ ಏರಿಸುತ್ತ, ಏನಾದರೂ ಮಾತಾಡಬೇಕಲ್ಲ ಗಂಡ ಸತ್ತವಳ ಹತ್ತಿರ, ಅದಕ್ಕೆ ಅಂದರು, ಅಲ್ಲಾ ರೀ, ನಿಮ್ಮ ಟಿವೀಲೂ ಹಾಗೆ ಬರುತ್ತಾ, ಆ ಭಾನುವಾರ ಮಧ್ಯಾಹ್ನ ನಾವು ಸಿನಿಮಾ ನೋಡ್ತಾ ಕೂತಿದ್ವಿ, ಮಧ್ಯೆ ಟಿವಿ ಏನೋ ಅನುಮತಿ ಕೇಳ್ತು, ನಾನು ಸರಿ ಅಂತ ಒತ್ತಿಬಿಟ್ಟೆ, ನೋಡಿದ್ರೆ ಮಕ್ಕಳ ಆಟದ ಥರ ಚಿತ್ರಗಳು, ಆಮೇಲೆ ಟಿಂಗ್ ಟಿಂಗ್ ಅಂತ ಪರದೆ ತುಂಬ ಒಂದು ಕತ್ತರಿ. ಆ ಭಾನುವಾರ ಎಂದರೆ ಯಾವ ಭಾನುವಾರ ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ, ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು, ಕಂಬಿ ತಣ್ಣಗಿತ್ತು, ಹೌದಾ ಎಂದಳು.

ಕತ್ತರಿ ಎಂದರೆ ಅವಳು. ಹಾಗೆಂದು ಗೊತ್ತಿದ್ದವರು ಮೂರೇ ಜನ, ಅವಳು, ಇವರು, ಮಾತು ಕಲಿಸಲು ಬರುತ್ತಿದ್ದ ಮೇಡಂ, ಪಾರ್ಶ್ವವಾಯು ಬಡಿದ ಮೇಲೆ ಇವರಿಗೆ ಉಳಿದದ್ದು ಎಡಗೈ ಒಂದು, ಬಲಗಡೆ ಪೂರ್ತಿ ಮರ, ನಾಲಿಗೆಯೂ ಮರ, ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ ಕಂಡಕ್ಟರ್, ಡಿಪೋದಲ್ಲೆಲ್ಲ ಸೀಟಿ ಎಂದೇ ಹೆಸರು, ಆ ಗಂಟಲಿನಿಂದ ಕೊನೆಗೆ ಒಂದು ಅ ಕೂಡ ಸರಿಯಾಗಿ ಹೊರಡುತ್ತಿರಲಿಲ್ಲ. ಮೇಡಂ ಒಂದು ಟ್ಯಾಬ್‌ನಲ್ಲಿ ಚಿತ್ರ ಜೋಡಿಸಿಕೊಟ್ಟರು, ಲೋಟ ಎಂದರೆ ನೀರು, ದಿಂಬು ಎಂದರೆ ಮಗ್ಗುಲು ಬದಲಿಸು, ಕೆಂಪು ಚುಕ್ಕೆ ಎಂದರೆ ನೋವು, ಹೆಂಡತಿಯನ್ನು ಕರೆಯಲು ಹೆಂಡತಿಯ ಫೋಟೋ ಹಾಕೋಣ ಎಂದಾಗ ಇವರ ಎಡಗೈ ಮೇಲೆದ್ದು ಸರಿಸಿದ್ದ ಬಟ್ಟೆಯ ಪರದೆಯಾಚೆ ಈ ಮೇಜಿನ ಮೇಲಿದ್ದ ಕತ್ತರಿಯನ್ನು ತೋರಿಸಿತು, ಅರ್ಧ ಬಾಯಲ್ಲಿ ನಗು, ಮೇಡಂ ನಕ್ಕರು, ಯಾಕೆ, ನಿಮ್ಮ ಮನೆಯವರ ನಾಲಿಗೆ ಅಷ್ಟು ಹರಿತವಾ — ಹರಿತವೇ, ಸುಳ್ಳಲ್ಲ. ಹೊಲಿಗೆ ಯಂತ್ರ ಓಡುತ್ತಿದ್ದರೆ ಹಿಂದಿನ ಕೋಣೆಯಲ್ಲಿ ಇವರು ಚಿತ್ರ ಒತ್ತಿದ ಟಿಂಗ್ ಅವಳಿಗೆ ಕೇಳಿಸದು, ಅದಕ್ಕೇ ಮೇಡಂ ಟ್ಯಾಬನ್ನು ತಂತಿಯಿಲ್ಲದೆ ಗಾಳಿಯಲ್ಲೇ ಈ ಟಿವಿಗೆ ಕಟ್ಟಿಕೊಟ್ಟರು, ಅಲ್ಲಿ ಬೆರಳು ಒತ್ತಿದರೆ ಇಲ್ಲಿ ಗೋಡೆಯ ಮೇಲೆ ಚಿತ್ರ ದೊಡ್ಡದಾಗುತ್ತಿತ್ತು, ಸದ್ದೂ ಇಲ್ಲೇ ಬರುತ್ತಿತ್ತು, ಅವರು ಸುಮ್ಮನಿದ್ದರೆ ಟಿವಿಯೂ ಕಪ್ಪಗೆ ಮಲಗುತ್ತಿತ್ತು, ಕಪ್ಪಗಿದ್ದರೆ ನಿದ್ದೆ ಬಂದಿದೆ ಎಂದು ಅರ್ಥ. ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ಜೋಡಿಸಬೇಕು, ಟ್ಯಾಬ್‌ನಲ್ಲಿ ಟಿವಿಯ ಹೆಸರು ಬರುತ್ತದೆ, ಒತ್ತಿದರೆ ಆಯಿತು, ಆದರೆ ಹೆಸರು ಒಂದಲ್ಲ ಎರಡು ಬರುತ್ತಿತ್ತು, ಎರಡೂ ಒಂದೇ, ಅಕ್ಷರಕ್ಕೆ ಅಕ್ಷರ, ಏಕೆಂದರೆ ಅವಳೂ ಟೀಚರೂ ಒಟ್ಟಿಗೆ ಹೋಗಿ ಜೋಡಿಗೆ ರಿಯಾಯಿತಿ ಎಂದು ಒಂದೇ ಥರದ ಎರಡು ಟಿವಿ ತಂದಿದ್ದರು, ಒಂದೇ ಆಟೋದಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು, ಎಷ್ಟು ನಕ್ಕಿದ್ದರು ಅವತ್ತು. ಸಾಲಿನಲ್ಲಿ ಮೇಲಿನ ಹೆಸರು ನಮ್ಮದು, ಕೆಳಗಿನದು ಮೇಲಿನ ಮನೆಯದು ಎಂದು ಅವಳೇ ನೆನಪಿಟ್ಟುಕೊಂಡಿದ್ದಳು, ಮೇಡಂ ಹೇಳಿದ್ದರು, ಹೆಸರು ಬದಲಾಯಿಸಿಬಿಡಿ, ಎರಡು ನಿಮಿಷದ ಕೆಲಸ, ಆ ಸಾಲು ಯಾವಾಗಲೂ ಹೀಗೇ ಇರಲ್ಲ, ಮೇಲಿನದು ಕೆಳಗೆ ಹೋಗಬಹುದು, ಅವಳು ಆಯಿತು ಎಂದಳು, ನಾಳೆ ಎಂದಳು, ನಾಳೆ ಎಂದವನ ಮನೆ ಹಾಳು ಎಂದು ಊರಿಗೆಲ್ಲ ಹೇಳುವವಳು ಅವಳೇ.

ಆ ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಬಂತು, ಇವರಿಗೆ ಗಂಜಿ ಕುಡಿಸಿ ಬಾಯಿ ಒರೆಸಿ ಟ್ಯಾಬ್ ಕೈಗೆ ಆನಿಸಿ ಮೇಲಿನ ಹೆಸರು ಒತ್ತಿದಳು, ಜೋಡಣೆಯಾಯಿತು ಎಂದು ಬಂತು, ಬಂದಿತ್ತು, ಕಣ್ಣಾರೆ ಕಂಡಿದ್ದಾಳೆ, ಮುಂದಿನ ಕೋಣೆಗೆ ಬಂದು ಒಮ್ಮೆ ತಲೆ ಎತ್ತಿದ್ದರೆ ಟಿವಿಯಲ್ಲಿ ಚಿತ್ರಗಳಿಲ್ಲ ಎಂದು ತಿಳಿಯುತ್ತಿತ್ತು, ಎತ್ತಲಿಲ್ಲ, ಸೋಮವಾರಕ್ಕೆ ಆಸ್ಪತ್ರೆಯ ಆಯಾಗಳ ಸಮವಸ್ತ್ರ ಕೊಡಬೇಕಿತ್ತು, ಆಮೇಲೆ ಎತ್ತಿದಾಗ ಟಿವಿ ಕಪ್ಪಗಿತ್ತು, ಮಲಗಿದ್ದಾರೆ, ಸದ್ಯ, ಎಂದುಕೊಂಡಳು — ಆ ಸದ್ಯ ಎಂಬ ಮಾತನ್ನು ಎಲ್ಲಿ ಬಚ್ಚಿಡುವುದು, ಇಡೀ ಮಧ್ಯಾಹ್ನ ಅವಳು ಸುಖವಾಗಿದ್ದಳು, ಯಂತ್ರ ತುಳಿಯುತ್ತ ಏನೋ ಗುನುಗಿದಳು ಕೂಡ, ತಲೆಯ ಮೇಲೆ ಟೀಚರ ಮನೆಯವರು ನಗುವುದು ಕೇಳುತ್ತಿತ್ತು, ಒಳ್ಳೆ ಸಿನಿಮಾ ಇರಬೇಕು ಎಂದುಕೊಂಡಳು. ಐದು ಗಂಟೆಗೆ ಒಳಗೆ ಹೋದಾಗ ಕೈ ಟ್ಯಾಬಿನ ಮೇಲೇ ಇತ್ತು, ತಣ್ಣಗಿತ್ತು. ಡಾಕ್ಟರು ನಿದ್ದೆಯಲ್ಲೇ ಹೋಗಿದ್ದಾರಮ್ಮ, ಪುಣ್ಯವಂತರು, ಒದ್ದಾಡಿಲ್ಲ ಎಂದರು, ಆ ಮಾತನ್ನೇ ಅವಳು ಇಷ್ಟು ದಿನ ನುಂಗಿಕೊಂಡು ಬದುಕಿದಳು, ಬಂದವರಿಗೆಲ್ಲ ಹೇಳಿದಳು, ನಿದ್ದೆಯಲ್ಲೇ, ನಿದ್ದೆಯಲ್ಲೇ, ನಾದಿನಿ ತಬ್ಬಿಕೊಂಡು ಅತ್ತಾಗಲೂ ಅದನ್ನೇ ಹೇಳಿ ಸಮಾಧಾನ ಮಾಡಿದಳು. ಇವತ್ತು ಬೆಳಿಗ್ಗೆ ಕಂಬಿ ಹಿಡಿದುಕೊಂಡು ಟೀಚರನ್ನು ಕೇಳಿದಳು, ಬೇರೆ ಚಿತ್ರ ದೊಡ್ಡದಾಗಿ ಬರಲಿಲ್ವಾ, ಲೋಟ, ಕೆಂಪು ಚುಕ್ಕೆ, ಟೀಚರ್ ಯೋಚಿಸಿ, ಇಲ್ಲಪ್ಪ, ಬರೀ ಕತ್ತರೀನೇ, ಒಂದೇ ಸಮ, ನಮ್ಮವರು ನಕ್ಕಿದ್ದೇ ನಕ್ಕಿದ್ದು, ಹತ್ತು ನಿಮಿಷ ನೋಡಿ ನಾನೇ ಬೇಜಾರಾಗಿ ಆರಿಸಿಬಿಟ್ಟೆ. ಹೇಳಿಬಿಡಬಹುದಿತ್ತು, ಅದು ನಾನು ಎಂದು, ಅದು ಅವರು ಎಂದು, ಅರ್ಧ ಭಾರ ಮೇಲಿನ ಮನೆಗೂ ಹೋಗುತ್ತಿತ್ತು, ಆ ತಾಯಿ ಇನ್ನು ಜನ್ಮದಲ್ಲಿ ಟಿವಿ ಹಾಕುತ್ತಿರಲಿಲ್ಲ, ಬೇಡ, ಒಬ್ಬಳಿಗೆ ಸಾಕು.

ಮೇಲೆ ಆರಿಸಿದ ಮೇಲೆ ಆ ಟಿಂಗ್ ಮತ್ತೆ ಟ್ಯಾಬಿಗೆ, ಹಿಂದಿನ ಕೋಣೆಗೇ ಬಂದಿರಬೇಕಲ್ಲ, ಬಂದಿದ್ದರೆ ಅವಳ ಯಂತ್ರದ ಕೆಳಗೆ ಸತ್ತಿರಬೇಕು, ಬರದಿದ್ದರೆ ಆ ಹೊತ್ತಿಗೆ ಬೆರಳೇ ನಿಂತಿರಬೇಕು, ಎರಡರಲ್ಲಿ ಯಾವುದು ಆಗಲಿ ಎಂದು ಬೇಡಿಕೊಳ್ಳುವುದು — ನೀರು ಬೇಕಿದ್ದರೆ ಲೋಟ ಒತ್ತುತ್ತಿದ್ದರು, ನೋವಾಗಿದ್ದರೆ ಚುಕ್ಕೆ ಒತ್ತುತ್ತಿದ್ದರು, ಏನೂ ಬೇಕಾಗಿರಲಿಲ್ಲ, ಹತ್ತು ನಿಮಿಷ ಅವಳೊಬ್ಬಳೇ ಬೇಕಾಗಿದ್ದಳು, ನಡುವೆ ಒಂದು ಪರದೆ, ಪರದೆ ಸರಿಸಿದರೆ ನಾಲ್ಕು ಹೆಜ್ಜೆ, ಅದೂ ಹಿಂದಿನ ದಿನ ಅವಳೇ, ಬೆನ್ನು ನೋವು, ಕೆಲಸದ ಗಡಿಬಿಡಿ, ನೊಣ ಕೂತರೂ ಕತ್ತರಿ ದಿಂಬು ಸರಿದರೂ ಕತ್ತರಿ ಎಂದು ರೇಗಿ, ಬಾಗಿಲಲ್ಲೇ ನಿಂತು, ಒಳಗೂ ಹೋಗದೆ, ಸುಮ್ಮಸುಮ್ಮನೆ ಒತ್ತಬೇಡಿ ರೀ, ಪ್ರಾಣ ಹೋಗೋ ಹಾಗಿದ್ರೆ ಮಾತ್ರ ಒತ್ತಿ — ಮಾತು ಆಡಿದರೆ ಹೋಯಿತು, ಇವರು ತಲೆಯಾಡಿಸಿದರು, ಕಂಡಕ್ಟರ್ ಬುದ್ಧಿ, ನಿಯಮ ಎಂದರೆ ನಿಯಮ, ಭಾನುವಾರ ಬೆಳಗಿನಿಂದ ಒಂದು ಸಲವೂ ಒತ್ತಲಿಲ್ಲ, ಗಂಜಿ ತಡವಾದರೂ ಒತ್ತಲಿಲ್ಲ, ಮಧ್ಯಾಹ್ನದವರೆಗೆ ಒತ್ತಲಿಲ್ಲ, ಆಮೇಲೆ ಒತ್ತಿದರು, ಮೇಲಿನ ಮನೆಯ ಗೋಡೆಯ ಮೇಲೆ, ನಗುವವರ ಎದುರಿಗೆ, ಕತ್ತರಿ, ಟಿಂಗ್, ಕತ್ತರಿ, ಟಿಂಗ್, ಕತ್ತರಿ