ಡಬ್ಬಿಯ ನೀರು

ತುಕ್ಕಣ್ಣ ಬಗ್ಗಿ ನಲ್ಲಿಗೆ ಡಬ್ಬಿ ಹಿಡಿದದ್ದನ್ನು ನೀರು ಪರೀಕ್ಷಿಸುವ ಅವಳು ಪ್ರಯೋಗಾಲಯದ ಕಿಟಕಿಯಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತುಂಬಿದ, ಮುಚ್ಚಳ ಬಿಗಿದ, ಒಮ್ಮೆ ಅತ್ತಿತ್ತ ನೋಡಿದ. ಆ ನೋಟವೇ ಅವಳಿಗೆ ಸರಿಕಾಣಲಿಲ್ಲ.

ನೀರು ಶೋಧಿಸುವ ಘಟಕದ ಮೇಸ್ತ್ರಿಗೆ ತುಕ್ಕಣ್ಣ ಎಂಬ ಹೆಸರು ಬಂದದ್ದು ಕೆಲಸದಿಂದಲೇ. ಅಂಗೈ, ಅಂಗಿ, ಹುಬ್ಬು ಎಲ್ಲ ಕೆಂಪು. ಊರಿನ ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಇತ್ತು. ಅದನ್ನು ಹಿಡಿಯಲೆಂದು ದೊಡ್ಡ ತೊಟ್ಟಿಯ ತುಂಬ ಕಬ್ಬಿಣದ ತುಕ್ಕಿನ ಹರಳು ಹಾಕಿದ್ದರು. ನೀರು ಹರಳುಗಳ ನಡುವೆ ಇಳಿಯುವಾಗ ಯುರೇನಿಯಂ ತುಕ್ಕಿನ ಮೈಗೆ ಅಂಟಿಕೊಳ್ಳುತ್ತದೆ, ನೀರು ಮುಂದೆ ಹೋಗುತ್ತದೆ. ಮೈಯೆಲ್ಲ ತುಂಬಿದ ಮೇಲೆ ಅಂಟಲು ಜಾಗವಿಲ್ಲ, ಹರಳು ಬದಲಿಸಬೇಕು. ಒಂದು ವರ್ಷ ಬಾಳುವ ಹರಳಿಗೆ ಈಗ ಹದಿನಾರನೇ ತಿಂಗಳು. ಆದರೂ ಅವನು ತೊಟ್ಟಿಯಾಚೆಯ ನಲ್ಲಿಯಿಂದ ತರುವ ನೀರಿನಲ್ಲಿ ವಾರ ವಾರವೂ ಅವಳ ಯಂತ್ರ ತೋರಿಸುತ್ತಿದ್ದದ್ದು ಲೀಟರಿಗೆ ಎರಡು ಮೈಕ್ರೋಗ್ರಾಂ, ಹೆಚ್ಚೆಂದರೆ ಮೂರು. ಮೂವತ್ತು ದಾಟಿದರೆ ಅಪಾಯ.

"ಎರಡು ಬರ್ತಿದೆಯಲ್ಲಮ್ಮ, ಚೆನ್ನಾಗಿರೋದನ್ನ ಯಾಕೆ ಕೆದಕ್ತೀಯ?" ಎಂದಿದ್ದರು ಘಟಕದ ಸಾಹೇಬರು, ಹರಳು ಬದಲಿಸುವ ಮಾತೆತ್ತಿದಾಗ.

ಇಬ್ಬರೂ ಸೇರಿಕೊಂಡಿದ್ದಾರೆಯೇ? ಮೇಸ್ತ್ರಿ ದಾರಿಯಲ್ಲಿ ಈ ನೀರು ಚೆಲ್ಲಿ ಬೇರೆಲ್ಲಿಂದಲೋ ತುಂಬಿ ತರುತ್ತಾನೆಯೇ? ಮನೆಯಲ್ಲಿ ಅತ್ತೆ ಮಗುವಿನ ಲೋಟಕ್ಕೆ ನೀರು ಬಗ್ಗಿಸುವಾಗಲೆಲ್ಲ ಅವಳು ಕೆಲಸ ಬಿಟ್ಟು ಆ ಲೋಟವನ್ನೇ ದಿಟ್ಟಿಸುತ್ತಿದ್ದಳು.

ಅವನು ಡಬ್ಬಿ ತಂದಿಟ್ಟು ಊಟಕ್ಕೆ ಹೋದ ಕೂಡಲೇ ಅವಳು ಹೊಸ ಪ್ಲಾಸ್ಟಿಕ್ ಬಾಟಲಿ ಹಿಡಿದು ಅದೇ ನಲ್ಲಿಗೆ ಓಡಿದಳು. ಎಂದಿನಂತೆ ಮಾರನೇ ದಿನ ಪರೀಕ್ಷೆ. ಡಬ್ಬಿ: ಎರಡು. ಬಾಟಲಿ: ನಲವತ್ತೊಂದು.

"ಎಲ್ಲಿಂದ ತರ್ತೀರಣ್ಣ ಈ ನೀರು?" ಬಾಗಿಲಲ್ಲೇ ತಡೆದು ಕೇಳಿದಳು.

"ಅಂದ್ರೆ?"

"ಕಳ್ಳಾಟ ಬೇಡ. ನಿನ್ನೆ ನೀವು ತುಂಬಿದ್ದು ಎರಡು, ನಾನು ತುಂಬಿದ್ದು ನಲವತ್ತೊಂದು."

ಅವನ ಮುಖ ಕಪ್ಪಿಟ್ಟಿತು. "ಏನು ತಾಯಿ, ನಾಲಿಗೆ ಮೇಲೆ ಹಿಡಿತ ಇಲ್ವಾ? ಗಾಜಿನ ಸೀಸೆ ಒಡೀತಾವೆ ಅಂತ ಡಬ್ಬಿ ತಂದಿಟ್ಟವನು ನಾನು. ನಿಮ್ಮ ಕಣ್ಣೆದುರಿಗೇ ತುಂಬ್ತೀನಿ. ನನ್ನ ಮೊಮ್ಮಗಳು ಕುಡಿಯೋದು ಇದೇ ನೀರು!" ಡಬ್ಬಿ ಕಿತ್ತುಕೊಂಡು ಉಳಿದ ನೀರನ್ನು ಚೆಲ್ಲಿ, ಅದರ ಬಾಯನ್ನು ಅವಳ ಮುಖಕ್ಕೆ ಹಿಡಿದ. "ನೋಡಿ, ಏನು ಬಚ್ಚಿಟ್ಟಿದ್ದೀನೋ ನೋಡಿ!"

ಅವಳು ನೋಡಿದಳು. ಬೆಳಕಿಗೆ ಓರೆಮಾಡಿ ಮತ್ತೆ ನೋಡಿದಳು. ಕಬ್ಬಿಣದ ಡಬ್ಬಿಯ ಒಳಮೈಗೆಲ್ಲ ತುಕ್ಕು ದಪ್ಪಗೆ ಕಟ್ಟಿತ್ತು.

ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅದಕ್ಕೆ ಸುರಿದು ಮುಚ್ಚಿಟ್ಟಳು. "ನಾಳೆ ಬೆಳಿಗ್ಗೆ ಬನ್ನಿ. ಪಕ್ಕದಲ್ಲೇ ನಿಂತು ನೋಡಿ."

ಬೆಳಿಗ್ಗೆ ಬಂದು ಮುಖ ಗಂಟುಹಾಕಿಕೊಂಡು ನಿಂತ. ಯಂತ್ರ ಮೂರು ತೋರಿಸಿತು.

"ನೀರು ಸರಿಹೋಯ್ತಲ್ಲ!" ಎಂದ.

"ಇಲ್ಲಣ್ಣ. ತೊಟ್ಟಿ ಮಾಡಬೇಕಾದ ಕೆಲಸವನ್ನ ಈ ಡಬ್ಬಿ ಮಾಡಿದೆ. ವಿಷವೆಲ್ಲ ಇದರ ತುಕ್ಕಿಗೆ ಅಂಟ್ಕೊಳ್ತು. ನಮ್ಮ ಕಣ್ಣಿಗೆ ಬಿದ್ದದ್ದು ಇದು ತೊಳೆದುಕೊಟ್ಟ ನೀರು." ಅವಳು ಡಬ್ಬಿಯನ್ನು ಕೆಳಗಿಟ್ಟಳು. "ನಿಮ್ಮನ್ನ ಅನುಮಾನಿಸಿದೆ. ತಪ್ಪಾಯ್ತು."

ಆ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಹಾಗಾದ್ರೆ ನಲ್ಲೀಲಿ ಹೋಗ್ತಿರೋದು?"

"ನಲವತ್ತೊಂದು."

"ಎಷ್ಟು ದಿನದಿಂದ?"

ಅವಳು ಹಳೆಯ ವರದಿಗಳನ್ನು ತಿರುವಿದಳು. ಎಲ್ಲದರಲ್ಲೂ ಎರಡು, ಮೂರು.

ಅವಳು ಸಾಹೇಬರಿಗೆ ಫೋನ್ ಮಾಡಿದಳು. ನಾನು ಬರುವವರೆಗೆ ಏನನ್ನೂ ಮುಟ್ಟಬೇಡಿ, ಯಾರಿಗೂ ಬಾಯಿಬಿಡಬೇಡಿ ಎಂದರು. ಅವಳು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ತುಕ್ಕಣ್ಣ ಮೆಟ್ಟಿಲಿಳಿದಾಗಿತ್ತು. ಊರಿಗೆ ನೀರು ಬಿಡುವ ದೊಡ್ಡ ವಾಲ್ವಿನ ಚಕ್ರಕ್ಕೆ ಜೋತುಬಿದ್ದ. ಅವಳೂ ಕೈಹಚ್ಚಿದಳು. ಚಕ್ರ ಕಿರುಗುಟ್ಟುತ್ತ ತಿರುಗಿತು.

ಗೇಟಿನಾಚೆ ಬೀದಿ ನಲ್ಲಿಯಲ್ಲಿ ನೀರಿನ ಎಳೆ ಸಣ್ಣಗಾಗಿ, ಹನಿಯಾಗಿ, ನಿಂತಿತು. ಅರ್ಧ ತುಂಬಿದ ಬಕೆಟ್ ಮುಂದೆ ಕೂತಿದ್ದ ಹೆಂಗಸು ನಲ್ಲಿಯನ್ನು ತಟ್ಟಿ ನೋಡಿದಳು. ತುಕ್ಕಣ್ಣ ಸೀದಾ ಹೋಗಿ ಬಕೆಟ್ ಎತ್ತಿ ನೀರನ್ನು ರಸ್ತೆಗೆ ಸುರಿದ.

"ಏನಜ್ಜ, ತಲೆ ಕೆಟ್ಟಿದೆಯಾ? ಯಾಕೆ ಚೆಲ್ಲಿದೆ? ಹೇಳು, ಯಾಕೆ?" ಆ ಹೆಂಗಸು ಕೂಗುತ್ತಲೇ ಇದ್ದಳು. ಅವನು ಖಾಲಿ ಬಕೆಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒದ್ದೆ ರಸ್ತೆಯಲ್ಲಿ ನಿಂತಿದ್ದ.