ಪಾಂಡಪ್ಪನ ಪಾಲೀಶು

ಕಾಗದ ಕಪ್ಪಾಗುತ್ತಿತ್ತೇ ಹೊರತು ಅದರ ಮೇಲೆ ಒಂದು ಅಂಕಿಯೂ ಮೂಡುತ್ತಿರಲಿಲ್ಲ. ಜೀಪಿನ ಮುಂದಿನ ಗಾಲಿಯ ಪಕ್ಕ ಅಂಗಾತ ಮಲಗಿದ್ದ ಅಹ್ಮದಸಾಬ ಇನ್ನೊಂದು ಹಾಳೆ ತೆಗೆದು ಗಾಡಿಯ ಅಡಿಚೌಕಟ್ಟಾದ ಚೆಸ್ಸಿಗೆ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡಲಾಗಿ ಮಲಗಿಸಿ ಮತ್ತೆ ತಿಕ್ಕಿದ. ಮತ್ತೆ ಬರೀ ಕಪ್ಪು. ಬಣ್ಣ ದಪ್ಪಗಾಗಿದ್ದೀತೆಂದು ಚಾಕುವಿನಿಂದ ಕೆರೆದು ನೋಡಿದ. ಕಬ್ಬಿಣ ಹೊಳೆಯಿತು. ಬೆರಳಿಟ್ಟರೆ ಜಾರುವಷ್ಟು ನುಣ್ಣಗಿತ್ತು. ಎರಡು ವರ್ಷದ ಹಿಂದೆ ಶಿರೂರಿನ ರೈತರೊಬ್ಬರ ದನದ ಕೊಟ್ಟಿಗೆಯಿಂದ ಈ ಜೀಪನ್ನು ಕೊಂಡು ತಂದಾಗ ಇದೇ ಜಾಗದಲ್ಲಿ ತುಕ್ಕಿನ ಕೆಳಗೆ ಚೆಸ್ಸಿ ನಂಬರು ಇತ್ತು. ಆರ್.ಸಿ. ಪುಸ್ತಕದ ಜೊತೆ ತಾನೇ ಹೊಂದಿಸಿ ನೋಡಿದ್ದ. ಈಗ ಇರಲಿಲ್ಲ.

ಬಾಗಲಕೋಟೆಗೆ ಗಾಡಿ ಒಯ್ದು ನೋಂದಣಿ ಹೊಸದು ಮಾಡಿಸಬೇಕು, ಅದಕ್ಕೆ ಮೊದಲು ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡು ಬಾ ಎಂದು ಆರ್.ಟಿ.ಓ. ಏಜೆಂಟ ಶಾಬುದ್ದೀನ ಹೇಳಿ ಕಳಿಸಿದ್ದ. ಮೂವತ್ತು ವರ್ಷ ಸರಕಾರಿ ಬಸ್ಸು ಹೊಡೆದವನಿಗೆ ಇದೇನು ಮಹಾ ಕೆಲಸ ಎಂದುಕೊಂಡು ಅಹ್ಮದಸಾಬ ಚಹಾ ಕೂಡ ಕುಡಿಯದೆ ಕೆಳಗೆ ತೂರಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಜೀಪಿಗೆ ಹೊಸ ಹುಡ್ಡು ಬಂದಾಗಿತ್ತು, ಹಿಂದೆ ಎದುರುಬದುರು ಸೀಟು ಕೂತಾಗಿತ್ತು. ಹೆಂಡತಿ ಮಕ್ತುಮಬಿಯ ಮೊಣಕಾಲು ನೋವಿಗೆಂದು ಬಾಗಿಲ ಕೆಳಗೆ ಹೆಚ್ಚಿನದೊಂದು ಪಾವಟಿಗೆಯನ್ನೂ ಬೆಸೆದಾಗಿತ್ತು.

ನಂಬರು ಎಲ್ಲಿ ಹೋಯಿತೆಂದು ಯೋಚಿಸುತ್ತ ಮಲಗಿದವನಿಗೆ ತಟ್ಟನೆ ಹೊಳೆಯಿತು. ಹೋದ ಬೇಸಿಗೆಯಲ್ಲಿ ಜೀಪಿನ ಬಾಡಿಯನ್ನು ಬೇವಿನ ಗಿಡಕ್ಕೆ ಚೈನು ಕಟ್ಟಿ ಎತ್ತಿ ಕೆಳಗಿಳಿಸಿಟ್ಟು, ತುಕ್ಕು ಹಿಡಿದ ಚೆಸ್ಸಿಯನ್ನು ಗೆಳೆಯ ಪಾಂಡಪ್ಪನಿಗೆ ಒಪ್ಪಿಸಿ ತಾನು ಮಗಳು ಆಫ್ರೀನಳ ಮನೆಗೆಂದು ಕಮತಗಿಗೆ ಹೋಗಿದ್ದ. ತಿರುಗಿ ಬಂದಾಗ ಚೆಸ್ಸಿ ಈಗಷ್ಟೇ ಬೆಳಗಿಟ್ಟ ತಾಮ್ರದ ಕೊಡದ ಹಾಗೆ ಥಳಥಳ ಅನ್ನುತ್ತಿತ್ತು. ಕಬ್ಬಿಣದಲ್ಲಿ ಮುಖ ಕಾಣುತ್ತಿದೆಯೆಂದು ಮಕ್ತುಮಬಿ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದ್ದಳು. ಅಹ್ಮದಸಾಬನೂ ಗೆಳೆಯನ ಬೆನ್ನು ತಟ್ಟಿ ಅದರ ಮೇಲೆ ಖುಷಿಯಿಂದ ಕರಿ ಬಣ್ಣ ಬಳಿದಿದ್ದ.

ಪಾಂಡಪ್ಪ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲೀಶು ಮಾಡುತ್ತಿದ್ದವನು. ಕೆಂಪು ಕಲ್ಲಿನ ಮೇಲೆ ಒರಟು ಬಿಲ್ಲೆಯಿಂದ ಶುರು ಮಾಡಿ ನಯವಾದದ್ದಕ್ಕೆ ಬರುವಷ್ಟರಲ್ಲಿ ಒಂದು ಗೀರು ಉಳಿದಿದ್ದರೂ ಅದು ಸೆಕೆಂಡ್ ಮಾಲು. ಅವನ ಕೈಯಲ್ಲಿ ಸೆಕೆಂಡ್ ಮಾಲು ಆದದ್ದನ್ನು ಯಾರೂ ಕಂಡಿರಲಿಲ್ಲ. ಅಂಥವನ ಕೈಗೆ ಗ್ರೈಂಡರು ಕೊಟ್ಟು ತುಕ್ಕು ತೆಗೆ ಅಂದರೆ, ತುಕ್ಕಿನ ಕುಳಿ ಯಾವುದು, ಕಂಪನಿಯವರು ಕುಟ್ಟಿದ ಅಂಕಿ ಯಾವುದು ಎಂದು ನೋಡುತ್ತ ಕೂರುತ್ತಾನೆಯೇ? ಅವನಿಗೆ ಎಲ್ಲವೂ ಗೀರೇ. ಎಲ್ಲವನ್ನೂ ತೆಗೆದಿದ್ದ. ಇಲ್ಲೊಂದು ಅಂಕಿ ಇದೆ, ಅದನ್ನು ಮುಟ್ಟಬೇಡ ಎಂದು ಹೇಳದೆ ಹೋದವನು ತಾನು ಎಂಬುದು ಅಹ್ಮದಸಾಬನಿಗೆ ಜೀಪಿನ ಕೆಳಗೇ ತಿಳಿಯಿತು.

ಅಷ್ಟರಲ್ಲಿ ಗೇಟಿನ ಸಪ್ಪಳವಾಯಿತು. ಪಾಂಡಪ್ಪನ ಚಪ್ಪಲಿ ಸರಬರ ಅನ್ನುತ್ತ ಬಂದವು. ಅಹ್ಮದಸಾಬ ಕೈಗೆ ಸಿಕ್ಕ ಗ್ರೀಸನ್ನು ಕೆರೆದ ಜಾಗಕ್ಕೆ ಮೆತ್ತಿ, ಕಾಗದಗಳನ್ನು ಅಂಗಿಯೊಳಗೆ ತುರುಕಿಕೊಂಡು ಹೊರಬಂದ. ಯಾವಾಗ ಬಾಗಲಕೋಟೆಗೆ ಹೋಗೋಣ, ಮುಂದಿನ ಸೀಟಿನಲ್ಲಿ ಕೂರುವವನು ನಾನೇ ಎಂದು ಪಾಂಡಪ್ಪ ಬಂದವನೇ ಕೇಳಿದ. ಆರ್.ಟಿ.ಓ. ಸಾಹೇಬರು ರಜೆ ಹಾಕಿದ್ದಾರಂತೆ ಎಂದು ಅಹ್ಮದಸಾಬ ಸುಳ್ಳು ಹೇಳಿದ.

ಹೇಳದೆ ವಿಧಿಯಿರಲಿಲ್ಲ. ಕಾರ್ಖಾನೆಗೆ ತಾನೇ ಉಜ್ಜಿ ತಾನೇ ಹೊಳಪು ಕೊಡುವ ದೊಡ್ಡ ಮಷೀನು ಬಂದು ಕೈಪಾಲೀಶಿನವರನ್ನು ಮನೆಗೆ ಕಳಿಸಿದಾಗ ಪಾಂಡಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಮಗ ರಾಹುಲ ಹುನಗುಂದದಲ್ಲಿ ನೌಕರಿಗೆ ಇದ್ದುದರಿಂದ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಉಣ್ಣುವ ಮನಸ್ಸೇ ಇರಲಿಲ್ಲ. ಹಾಗೆಯೇ ತಿಂಗಳುಗಳು ಕಳೆದ ಮೇಲೆ ಅವನ ಹೆಂಡತಿ ಇಂದ್ರವ್ವ ಬಂದು ಇದೇ ಅಂಗಳದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. "ಅಣ್ಣಾರ, ನಿಮ್ಮ ಗಾಡಿಯಾಗ ಅವ್ರಿಗೂ ಏನರ ಒಂದ್ ಕೆಲ್ಸಾ ಕೊಡ್ರಿ. ರೊಕ್ಕ ಬ್ಯಾಡ. ಒಂದ್ ಸಲ ಎದ್ದು ಹೊರಗ ಬಂದ್ರ ಸಾಕು." ಪಾಂಡಪ್ಪ ಮೊದಲ ದಿನ ಒಲ್ಲದ ಮನಸ್ಸಿನಿಂದ ಬಂದು ಕೂತಿದ್ದ. ಆಮೇಲೆ ಅವನನ್ನು ಮನೆಗೆ ಕಳಿಸುವುದೇ ಕಷ್ಟವಾಗಿತ್ತು. ಈಗ ಅವನಿಗೆ, ನಿನ್ನ ಪಾಲೀಶಿನಿಂದಲೇ ಈ ಗಾಡಿ ರಸ್ತೆಗಿಳಿಯದಂತಾಯಿತು ಎಂದರೆ ಮತ್ತೆ ಆ ಗೋಡೆಯೇ ಗತಿ.

ಸಂಜೆ ಅಹ್ಮದಸಾಬ ಶಾಬುದ್ದೀನನ ಅಂಗಡಿಗೆ ಹೋಗಿ, ಯಾರದೋ ಗಾಡಿಯ ಮಾತೆಂಬಂತೆ ಕೇಳಿದ. ಶಾಬುದ್ದೀನನಿಗೆ ಯಾರದೋ ಯಾರು ಎಂದು ತಿಳಿಯದಿರುತ್ತದೆಯೇ? ಚೆಸ್ಸಿ ನಂಬರಿಲ್ಲದ ಗಾಡಿ ಹೆಸರಿಲ್ಲದ ಮನುಷ್ಯನಿದ್ದಂತೆ ಎಂದ. ಅರ್ಜಿ ಕೊಡಬೇಕು, ಕಳವಿನ ಗಾಡಿಯಲ್ಲವೆಂದು ಪೊಲೀಸರು ನೋಡಬೇಕು, ಯಾರು ಹೇಗೆ ಅಳಿಸಿದರೆಂದು ಬರೆದುಕೊಡಬೇಕು, ಆಮೇಲೆ ಮೇಲಿನವರು ಒಪ್ಪಿದರೆ ಹೊಸದಾಗಿ ಕುಟ್ಟಲು ಪರವಾನಗಿ ಸಿಗುತ್ತದೆ. ವರ್ಷವಾದರೂ ಆಯಿತು, ಎರಡಾದರೂ ಆಯಿತು. ಅಷ್ಟೆಲ್ಲ ತ್ರಾಸು ಬೇಡವೆಂದರೆ ಗುಟ್ಟಾಗಿ ಕುಟ್ಟಿಕೊಡುವವರೂ ಇದ್ದಾರೆ ಎಂದು ದನಿ ತಗ್ಗಿಸಿದ. ಸರ್ವೀಸಿನಲ್ಲಿ ಒಂದು ಕಪ್ಪುಚುಕ್ಕೆ ಇಲ್ಲದವನು ಈ ವಯಸ್ಸಿನಲ್ಲಿ ಅದನ್ನು ಮಾಡಲಾರೆ ಎಂದು ಅಹ್ಮದಸಾಬ ಎದ್ದು ಬಂದ.

ಅರ್ಜಿ ಕೊಟ್ಟರೆ ಪಾಂಡಪ್ಪನಿಗೆ ತಿಳಿಯುತ್ತದೆ. ಕೊಡದೆ ಸುಮ್ಮನಿದ್ದರೆ, ಕೆಲಸವೆಲ್ಲ ಮುಗಿದ ಜೀಪು ಯಾಕೆ ಹೊರಡುತ್ತಿಲ್ಲವೆಂದು ಅವನೇ ಕೇಳುತ್ತಾನೆ. ಹಾಗಾದರೆ ಕೆಲಸ ಮುಗಿಯಬಾರದು. ಮರುದಿನ ಪಾಂಡಪ್ಪ ಬರುವ ಮೊದಲೇ ಅಹ್ಮದಸಾಬ ಪಾನಾ ಹಿಡಿದು ಹೋಗಿ, ತಾನೇ ಬಿಗಿದಿದ್ದ ಹಿಂದಿನ ಬಾಗಿಲಿನ ಬೋಲ್ಟನ್ನು ತಾನೇ ಸಡಿಲಿಸಿದ. "ಬಾಗಲಾ ಗಡಗಡ ಅನ್ನಾಕತ್ತೈತಿ, ನೋಡಲೇ ಪಾಂಡು," ಎಂದರೆ ಪಾಂಡಪ್ಪ ತೋಳೇರಿಸಿ ಕೂತ. ಆ ದಿನ ಕಳೆಯಿತು. ಮುಂದೆ ರೇಡಿಯೇಟರಿನ ಪೈಪು, ಅದರ ಮುಂದೆ ಸೈಲೆನ್ಸರಿನ ಕ್ಲಾಂಪು. ಎರಡು ವರ್ಷ ಒಂದೊಂದೇ ಕೂಡಿಸಿ ಕಟ್ಟಿದ ಜೀಪನ್ನು ಅದನ್ನು ಕಟ್ಟಿದವನೇ ಕದ್ದು ಬಿಚ್ಚತೊಡಗಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ಗೇಟಿನ ಕಡೆ ಒಂದು ಕಣ್ಣಿಟ್ಟೇ ಪಾನಾ ತಿರುಗಿಸುತ್ತಿದ್ದ. ವಿಚಿತ್ರವೆಂದರೆ ಅವನು ಮುಟ್ಟದ ಸಾಮಾನುಗಳೂ ಸಡಿಲವಾಗುತ್ತಿದ್ದವು. ಬ್ಯಾಟರಿಯ ವಾಯರು ಕಳಚಿಕೊಂಡಿತು, ಫ್ಯಾನಿನ ಬೆಲ್ಟು ಜೋತುಬಿತ್ತು. ಮುದಿ ಗಾಡಿ, ಅದಕ್ಕೂ ಮೈಕೈ ನೋವಿರುತ್ತದೆ ಎಂದುಕೊಂಡು ಅವನು ಅದನ್ನೂ ಪಾಂಡಪ್ಪನ ಪಾಲಿಗೆ ಹಾಕಿದ.

ಹೀಗೆ ಎಷ್ಟು ದಿನ ನಡೆಯುತ್ತಿತ್ತೋ, ಮಕ್ತುಮಬಿಯ ಕಣ್ಣಿಗೆ ಬೀಳದಿದ್ದರೆ. ಅಡುಗೆಮನೆ ಕಿಟಕಿಯಿಂದ ಗಂಡನ ಕೈಚಳಕ ನೋಡಿದವಳು ರೊಟ್ಟಿ ಹಂಚಿನ ಮೇಲೆ ಬಿಟ್ಟು ಹೊರಬಂದಳು. ಅಹ್ಮದಸಾಬ ಎಲ್ಲವನ್ನೂ ಹೇಳಿಕೊಂಡ. ಅವನಿಗೆ ಜೀಪಿಗಿಂತ ಪಾಂಡಪ್ಪ ಹೆಚ್ಚಾಗಿಬಿಟ್ಟಿದ್ದ. ಮಕ್ತುಮಬಿ ಪೂರ್ತಿ ಕೇಳಿದಳು.

"ಹೊರಗಿನವ್ರ ಬಾಯಿಂದ ಗೊತ್ತಾದ್ರ ಆ ಮನಷ್ಯಾ ಎರಡ ಸಲ ಸಾಯ್ತಾನ. ನೀವ ಹೇಳ್ರಿ," ಅಂದಳು.

ಅಹ್ಮದಸಾಬ ಅವತ್ತೇ ಹೇಳಿದ. ಹೇಗೆ ಶುರು ಮಾಡುವುದೆಂದು ತಿಳಿಯದೆ, ಪಾಂಡಪ್ಪನನ್ನು ಜೀಪಿನ ಪಕ್ಕ ಕೂರಿಸಿ, ಗ್ರೀಸು ಒರೆಸಿ, ಅವನ ಹೆಬ್ಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟ. ಪಾಂಡಪ್ಪ ಅಭ್ಯಾಸದಂತೆ ಕಣ್ಣು ಮುಚ್ಚಿ ಬೆರಳು ಆಡಿಸಿದ. ಅವನ ಮುಖ ಅರಳಿತು.

"ಒಂದ್ ಗೀರ ಇಲ್ಲ ನೋಡು," ಎಂದ.

"ಇರಬೇಕಾಗಿತ್ತೋ ಪಾಂಡು," ಎಂದ ಅಹ್ಮದಸಾಬ. "ಇಲ್ಲೇ ಗಾಡಿ ನಂಬರ ಇತ್ತು."

ಉಳಿದದ್ದನ್ನೆಲ್ಲ ಹೇಳಿದ, ತಪ್ಪು ತನ್ನದೆಂದೂ ಹೇಳಿದ. ಹೇಳಿ ಮುಗಿಸುವವರೆಗೂ ಪಾಂಡಪ್ಪ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಎದ್ದು, ಮಕ್ತುಮಬಿ ತಂದಿಟ್ಟ ಚಹಾದ ಕಡೆಗೂ ನೋಡದೆ, ಗೇಟು ದಾಟಿ ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಹ್ಮದಸಾಬ ಬೇವಿನ ಗಿಡದ ಕೆಳಗೆ ಒಬ್ಬನೇ ಕೂತು ಜೀಪನ್ನು ನೋಡಿದ. ಎಷ್ಟು ಆಸೆಯಿಂದ ತಂದ ಗಾಡಿ! ಈಗ ಅದನ್ನು ಮುಟ್ಟಬೇಕು ಅನ್ನಿಸಲಿಲ್ಲ. ಪಾಂಡಪ್ಪ ಎದ್ದು ಬಂದರೆ ಇದು ಜನ್ಮವಿಡೀ ಇಲ್ಲೇ ನಿಂತಿರಲಿ ಎಂದು ಮನಸ್ಸಿನಲ್ಲಿಯೇ ಹರಕೆಯ ಹಾಗೆ ಅಂದುಕೊಂಡ. ಆಮೇಲೆ ಚಪ್ಪಲಿ ಮೆಟ್ಟಿ ಅವನ ಮನೆಗೆ ನಡೆದ.

ಇಂದ್ರವ್ವ ಒಳಕೋಣೆಯ ಕಡೆ ಕೈ ತೋರಿಸಿದಳು. ಪಾಂಡಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಹ್ಮದಸಾಬ ಮಂಚದ ಅಂಚಿಗೆ ಕೂತ. ಪಕ್ಕದ ಮನೆಯ ಮಗ್ಗ ಲಟಕ್ ಪಟಕ್ ಅನ್ನುತ್ತಿತ್ತು.

"ಹಿಂದಿನ ಬಾಗಲಾ ನೀ ಬಿಚ್ಚಿದ್ದಿ," ಎಂದ ಪಾಂಡಪ್ಪ, ಗೋಡೆಗೆ ಹೇಳುವಂತೆ. "ರೇಡಿಯೇಟರ ಪೈಪನೂ ನೀನ. ಬೋಲ್ಟಿನ ಮ್ಯಾಲ ಪಾನಾದ ಹೊಸಾ ಗುರುತ ಇತ್ತು. ನನಗ ಕಾಣಂಗಿಲ್ಲಂತ ತಿಳಕೊಂಡಿಯೇನು?"

ಅಹ್ಮದಸಾಬನಿಗೆ ಮುಚ್ಚಿಡುವಂಥದ್ದು ಇನ್ನೇನೂ ಉಳಿದಿರಲಿಲ್ಲ. "ಹೌದೋ ಮಾರಾಯಾ. ಕೆಲ್ಸಾ ಮುಗುದ್ರ ನಂಬರಿನ ಸುದ್ದಿ ಹೊರಗ ಬಂದು ನೀ ಬರೂದ ಬಿಡ್ತಿ ಅಂತ ಹೆದರಿಕಿ ಆತು. ಅದಕ ಬಿಚ್ಚಿದ್ನಿ. ಆದ್ರ ಬ್ಯಾಟರಿ ವಾಯರ, ಫ್ಯಾನ್ ಬೆಲ್ಟ, ಇವನ್ನ ನಾ ಮುಟ್ಟಿಲ್ಲ. ಅಲ್ಲಾನ ಆಣಿ."

"ಗೊತ್ತೈತಿ," ಎಂದ ಪಾಂಡಪ್ಪ. "ಅವು ನಾ ಬಿಚ್ಚಿದ್ದು. ಕೆಲ್ಸಾ ಮುಗುದ್ರ ನನಗ ಮತ್ತ ಈ ಗ್ವಾಡೀನ ಗತಿ."

ಅಹ್ಮದಸಾಬ ಅವನ ಬೆನ್ನನ್ನೇ ನೋಡಿದ. ಆ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ. ತನಗೂ ಎರಡೂ ಒಟ್ಟಿಗೇ ಬಂದವು. ಬಾಗಿಲಲ್ಲಿ ನಿಂತಿದ್ದ ಇಂದ್ರವ್ವ ಏನೂ ಅರ್ಥವಾಗದೆ ನೀರು ತರಲು ಹೋದಳು.

ಪಾಂಡಪ್ಪ ಎದ್ದು ಕೂತಾಗ ಅಹ್ಮದಸಾಬ ಅರ್ಜಿಯ ವಿಷಯ ಹೇಳಿದ. ಪೊಲೀಸರು ಬಂದು ನೋಡುವುದು, ಮೇಲಿನವರು ಒಪ್ಪುವುದು, ಒಪ್ಪದೆಯೂ ಇರಬಹುದು ಎನ್ನುವುದು, ಎಲ್ಲವನ್ನೂ ಹೇಳಿ, ವರ್ಷವೋ ಎರಡು ವರ್ಷವೋ ಹಿಡಿಯುತ್ತದಂತೆ ಎಂದ.

"ಹಿಡೀಲಿ," ಎಂದ ಪಾಂಡಪ್ಪ. ಗೂಟಕ್ಕೆ ತೂಗುಹಾಕಿದ್ದ ಅಂಗಿಗೆ ಕೈ ಹಾಕಿದ.

"ಯಾರು ಅಳಿಸಿದ್ರು ಅಂತ ಬರದು ಕೊಡಬೇಕಂತ. ನಾನಂತ ಬರಿತೇನಿ."

ಪಾಂಡಪ್ಪನ ಕೈ ಗುಂಡಿಯ ಮೇಲೆ ನಿಂತಿತು. "ಲೇ, ನಿನ್ನ ಕೈಲೆ ಅಷ್ಟ ನುಣ್ಣಗ ಆಗ್ತೈತೇನು? ಯಾರರ ನಂಬ್ತಾರೇನು? ನನ್ನ ಹೆಸರ ಬರಿ. ತಂದಿ ಹೆಸರ ಹಚ್ಚಿ ಪೂರಾ ಬರಿ."

ಅವತ್ತು ಮಧ್ಯಾಹ್ನ ಮಕ್ತುಮಬಿ ಊಟಕ್ಕೆ ಕರೆಯಲು ಹೊರಬಂದಾಗ ಜೀಪಿನ ಬಾನೆಟ್ಟು ತೆರೆದಿತ್ತು. ಬೋಲ್ಟು ನಟ್ಟುಗಳನ್ನೆಲ್ಲ ಈ ಸಲ ಇಬ್ಬರೂ ಕೂಡಿಯೇ ಬಿಚ್ಚಿ ನೆಲದ ಮೇಲೆ ಗೋಣಿತಟ್ಟು ಹಾಸಿ ಹರವಿದ್ದರು. ಜೀಪಿನ ಕೆಳಗಿಂದ ನಾಲ್ಕು ಕಾಲು ಹೊರಗೆ ಚಾಚಿದ್ದವು, ಅವುಗಳ ನಡುವೆ ಒಂದು ಕೋಳಿ ಕಾಳು ಹೆಕ್ಕುತ್ತಿತ್ತು.