ಮನೆಯವರ ಕಿಟಕಿ

ಹೆರಿಗೆಯಾದ ಹತ್ತೊಂಬತ್ತನೆಯ ದಿನ ಪೇಶಾನ್ ತಲೆ ತೊಳೆದುಕೊಂಡಳು. ಬಾಣಂತನದ ತಿಂಗಳು ಮುಗಿಯುವ ತನಕ ನಮ್ಮ ತೈನಾನ್ ಊರಿನ ಯಾವ ಅತ್ತೆಯೂ ಸೊಸೆಯ ತಲೆಗೆ ನೀರು ಬೀಳಲು ಬಿಡುವುದಿಲ್ಲ. ಅತ್ತೆ ಸಂತೆಗೆ ಹೋದ ಹೊತ್ತು ನೋಡಿ ತೊಳೆದುಕೊಂಡು, ಬಾಣಂತಿಯರಿಗೆಂದೇ ನಾವು ನಡೆಸುವ ಆ್ಯಪಿನಲ್ಲಿ ಬರೆದಳು: “ತಲೆ ತೊಳ್ಕೊಂಡೆ. ಎಷ್ಟೋ ದಿನದ ಮೇಲೆ ನಾನೂ ಮನುಷ್ಯಳು ಅನ್ನಿಸ್ತು.” ಮೂವತ್ತು ಬಾಣಂತಿಯರು ಅದನ್ನು ಓದಿ ಹೃದಯದ ಗುರುತು ಒತ್ತಿದರು. ಮೂವತ್ತೊಂದನೆಯವರಾಗಿ ಓದಿದ್ದು ಅವಳ ಅತ್ತೆ.

ಎರಡು ದಿನದ ಮೇಲೆ ಪೇಶಾನಳ ಫೋನ್ ಬಂತು.

“ಚಿಂಗ್‌ರೂ ಅಕ್ಕ, ಇಲ್ಲಿ ಬರೀ ಬಾಣಂತಿಯರೇ ಇರೋದು ಅಂದಿದ್ರಿ. ನಮ್ಮತ್ತೆಗೆ ಯಾವಾಗ ಹೆರಿಗೆ ಆಯ್ತು?”

“ಅತ್ತೆ ಓದಿದ್ರಾ?” ಎಂದೆ.

“ಹೇರ್ ಡ್ರೈಯರ್ ಎತ್ತಿಟ್ಟಿದಾರೆ. ಅದು ಹೋಗ್ಲಿ ಬಿಡಿ. ಹೋದ ವಾರ ಬರೆದಿದ್ದನ್ನೂ ಓದಿದಾರೆ.”

ಹೋದ ವಾರ ಅವಳು ಬರೆದದ್ದು ನನಗೆ ಬಾಯಿಪಾಠವಾಗಿತ್ತು: ಮಗು ಅತ್ತಾಗ ಮಂಚದ ಮೇಲೇ ಬಿಟ್ಟು, ಬಾಗಿಲು ತೆಗೆದು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸುತ್ತದೆ. ಅಂದಿನಿಂದ ನಮ್ಮ ನರ್ಸ್ ದಿನಾ ಅವಳೊಡನೆ ಮಾತಾಡುತ್ತಿದ್ದರು. ಈಗ ಅವಳು ನರ್ಸಿನ ಫೋನನ್ನೂ ಎತ್ತುತ್ತಿಲ್ಲ.

ಮರುದಿನ ಮ್ಯಾನೇಜರ್ ಲಿಯಾವ್ ಎದುರು ನಿಂತೆ. ಶುಕ್ರವಾರ ನನಗೊಂದು ಮಾತೂ ಹೇಳದೆ ಆ್ಯಪಿನಲ್ಲಿ ‘ಮನೆಯವರ ಕಿಟಕಿ’ ಎಂಬ ಹೊಸ ಪುಟ ತೆರೆದವರು ಅವರೇ. ಬಾಣಂತಿಯರಿಗೆ ಊಟ ಕಳಿಸುವ ಕಂಪನಿ ನಮ್ಮದು. ದುಡ್ಡು ಕೊಟ್ಟು ಊಟ ಗೊತ್ತುಮಾಡುವವರು ಅತ್ತೆಯಂದಿರು. ಹಾಗಾಗಿ ಸೊಸೆ ಬರೆದದ್ದೆಲ್ಲ ಅವರಿಗೆ ಕಾಣಬೇಕಂತೆ.

“ಮನೆಯವರು ನೋಡಿದ್ರೆ ತಪ್ಪೇನಮ್ಮ? ಕಾಳಜಿ ಇರೋರು ತಾನೆ.”

“ನಿಮ್ಮ ಮೂಲವ್ಯಾಧಿ ಆಪರೇಷನ್ ಚೀಟಿನ ನಿಮ್ಮ ಮಾವನಿಗೆ ಕಳಿಸ್ಲಾ ಸಾರ್? ಅವರಿಗೂ ಕಾಳಜಿ ಇರತ್ತೆ.”

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಲಿಯಾವ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. “ಇಲ್ನೋಡಿ. ಎರಡು ದಿನದಿಂದ ಎಲ್ಲಾ ಬರೀ ನಗುಮುಖ. ಕಿಟಕಿ ತೆಗೆದ ಮೇಲೇನೇ ಎಲ್ಲರ ಮನಸ್ಸೂ ಹಗುರ ಆಗಿದೆ.”

ಪೇಶಾನಳ ಸುದ್ದಿ ಉಳಿದವರಿಗೂ ಮುಟ್ಟಿತ್ತು. ಎಲ್ಲರದೂ ಒಂದೇ ಪಾಠ: ಚೆನ್ನಾಗಿದ್ದೇನೆ, ಎಳ್ಳೆಣ್ಣೆ ಕೋಳಿ ಸಾರು ಉಂಡೆ, ಮಗು ಮಲಗಿದೆ. ಪೇಶಾನಳದು ಇನ್ನೂ ಚಿಕ್ಕದು: ಚೆನ್ನಾಗಿದ್ದೇನೆ.

ಐದು ವರ್ಷದ ಹಿಂದೆ, ನನ್ನ ಬಾಣಂತನದಲ್ಲಿ, ಮೂವತ್ತು ದಿನ ಗೋಡೆ ನೋಡುತ್ತ ನಾನೂ ಬಂದವರಿಗೆಲ್ಲ ಇದೇ ಮಾತು ಹೇಳಿದ್ದೆ. ಈ ಮಾತು ಹೇಳಬೇಕಿಲ್ಲದ ಒಂದು ಜಾಗ ಇರಲಿ ಎಂದೇ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಒಂದು ವರ್ಷ ಈ ಆ್ಯಪಿಗೆ ದುಡಿದೆ. ಈ ಮನುಷ್ಯ ಅದೇ ಮಾತನ್ನು ಗುಡ್ಡೆ ಹಾಕಿ, ಬಣ್ಣ ಹಚ್ಚಿ, ನನಗೇ ತೋರಿಸುತ್ತಿದ್ದಾನೆ.

“ಕಿಟಕಿ ಮುಚ್ಚಿ ಸಾರ್. ಇವತ್ತೇ.”

“ಮುಂದಿನ ತಿಂಗಳು ನೋಡೋಣ.”

ಮುಂದಿನ ತಿಂಗಳಿಗೆ ಇವರಲ್ಲಿ ಒಬ್ಬಳ ಬಾಣಂತನವೂ ಉಳಿದಿರುವುದಿಲ್ಲ. ಸ್ಕೂಟರಿನ ಕೀಲಿ ಎತ್ತಿಕೊಂಡು ಹೊರಟೆ.

ಬಾಗಿಲು ತೆಗೆದದ್ದು ಪೇಶಾನಳ ಅತ್ತೆ. ಒಳಗಿಂದ ಶುಂಠಿ ಹುರಿದ ವಾಸನೆ.

“ಆ್ಯಪಿನವರಾ? ಬನ್ನಿ ಬನ್ನಿ, ಒಳ್ಳೆ ಕೆಲಸ ಮಾಡಿದೀರ. ನಾನು ಬಾಣಂತನದಲ್ಲಿ ತಲೆ ತೊಳ್ಕೊಂಡು ಇವತ್ತಿಗೂ ತಲೆನೋವು. ಇವಳಿಗೂ ಹಂಗಾಗ್ಬಾರ್ದು ನೋಡಿ.”

ಕೆಟ್ಟ ಹೆಂಗಸಲ್ಲ. ಆಕೆಯ ಮೇಲೆ ಕೂಗಾಡುವ ಸುಖವೂ ನನಗೆ ದಕ್ಕಲಿಲ್ಲ.

ಪೇಶಾನ್ ಉಣ್ಣೆಯ ಟೋಪಿ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಮಗು ಅಳುತ್ತಿತ್ತು, ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

“ಹೇಗಿದೀಯಾ?”

ಅವಳು ಅತ್ತೆಯ ಮುಖ ನೋಡಿದಳು. “ಚೆನ್ನಾಗಿದೀನಿ.”

ಮಗುವನ್ನು ಎತ್ತಿ ಅತ್ತೆಯ ತೋಳಿಗಿಟ್ಟೆ. “ಅಮ್ಮಾ, ಸ್ವಲ್ಪ ಹೊತ್ತು ಹೊರಗಿರಿ.” ಆಕೆಯ ಮುಖ ಗಂಟಾಯಿತು. ಮಾತು ಬರುವ ಮೊದಲೇ ಬಾಗಿಲು ಹಾಕಿ ಚಿಲಕ ಜಡಿದೆ.

“ಈಗ ಹೇಳು.”

ಪೇಶಾನ್ ನನ್ನ ಕೈಯನ್ನೇ ನೋಡುತ್ತಿದ್ದಳು. “ಮೊದ್ಲು ಆ ಫೋನ್ ಆಚೆ ಇಟ್ಟು ಬನ್ನಿ, ಅಕ್ಕ.”

ಚಿಲಕ ತೆಗೆದೆ. ಬಾಗಿಲಿಗೇ ಆತು ನಿಂತಿದ್ದ ಅತ್ತೆಯ ಕೈಗೆ, ಮಗುವಿನ ಜೊತೆಗೆ ನನ್ನ ಫೋನನ್ನೂ ಕೊಟ್ಟು, ಮತ್ತೆ ಚಿಲಕ ಹಾಕಿದೆ.